ಟವೆಲ್ಲಿನ ಹಂಸಗಳು

ನವೆಂಬರ್ ೧೬, ಭಾನುವಾರ

ಕೈಯಾರೆ ಕೆಡಿಸಿದೆ. ಅಕ್ಕ ಕೇಳಿದ್ದು ಇಷ್ಟೇ: “ನಾನೂ ನಿಮ್ಮ ಭಾವನೂ ಇಬ್ಬರೇ ಕೂತು ಮಾತಾಡೋಕೆ ಒಂದು ಜಾಗ ನೋಡೋ. ಕೂಡಿ ಬಾಳೋದಾ, ಬೇರೆ ಆಗೋದಾ, ಅಲ್ಲೇ ತೀರ್ಮಾನ ಮಾಡ್ತೀವಿ.” ಟ್ರಾವೆಲ್ ಏಜೆನ್ಸಿಯಲ್ಲಿ ಕೂತು ದಿನವಿಡೀ ಜನರನ್ನು ರಜೆಗೆ ಕಳಿಸುವ ನನಗೆ ಇದೇನು ದೊಡ್ಡದು? ಬೆಟ್ಟದ ರೆಸಾರ್ಟಿನಲ್ಲಿ ಕೋಳಿ ಕೂಗುವ ಮೊದಲೇ ಚಾರಣಕ್ಕೆ ಎಬ್ಬಿಸುತ್ತಾರೆ, ಯೋಗ, ಆರೋಗ್ಯದ ರೆಸಾರ್ಟಿನಲ್ಲಿ ಮೌನ ಕಡ್ಡಾಯ, ಮಕ್ಕಳ ಈಜುಕೊಳ ಇರುವಲ್ಲಿ ಬರೀ ಕಿರುಚಾಟ. ಸಮುದ್ರತೀರದ್ದೇ ಸರಿ ಅಂದುಕೊಂಡೆ. ಬುಕ್ ಮಾಡುವಾಗ ನಾಲಿಗೆ ಅಭ್ಯಾಸಬಲದಿಂದ “ಹೊಸ ಮದುವೆಯ ಜೋಡಿ” ಅಂದುಬಿಟ್ಟಿತು. ಹಾಗಂದರೆ ಅದೇ ದರಕ್ಕೆ ಅಲೆ ಕಾಣುವ ಕೋಣೆ ಕೊಡುತ್ತಾರೆ; ನಮ್ಮ ಕಸುಬಿನ ಹಳೇ ಚಾಲಾಕಿ.

ಸಂಜೆ ಅಕ್ಕನ ಫೋನ್. “ಮಂಚದ ತುಂಬ ಹೂವು ಕಣೋ. ಟವೆಲ್ಲಲ್ಲಿ ಎರಡು ಹಂಸ ಮಾಡಿ, ಕೊಕ್ಕಿಗೆ ಕೊಕ್ಕು ತಾಗಿಸಿ ಇಟ್ಟಿದಾರೆ. ನಿಮ್ಮ ಭಾವ ಒಂದನ್ನ ಬಿಚ್ಕೊಂಡು ಸ್ನಾನಕ್ಕೆ ಹೋದ್ರು. ಉಳಿದದ್ದು ಈಗ ಬಾತುಕೋಳಿ ಥರ ಕಾಣುತ್ತೆ.” ನಕ್ಕಳು. ಬೈದಿದ್ದರೆ ವಾಸಿಯಿತ್ತು.

ನಾಳೆ ಮರಳಿನ ಮೇಲೆ ಮೇಣದಬತ್ತಿ ಹಚ್ಚಿಟ್ಟು ಊಟವೂ ಇದೆ, ಹೊಸ ಜೋಡಿಗೆಂದೇ. ಅದು ಬೇಡವೆಂದು ರೆಸಾರ್ಟಿನವರಿಗೆ ಹೇಳಲು ಎರಡು ಸಲ ಫೋನ್ ಎತ್ತಿಕೊಂಡೆ, ಇಟ್ಟೆ. ಹೇಳಿಬಿಟ್ಟರೆ, ಅವರಿಬ್ಬರೂ ಎದುರುಬದುರು ಕೂತು ಉಣ್ಣುವ ಕೊನೆಯ ಊಟವನ್ನೂ ನಾನೇ ಕೆಡಿಸಿದ ಹಾಗೆ.