ಹ್ಯಾಂಡಲ್ ಲಾಕ್ ಹಾಕಬೇಡಿ ಎಂದವರಿಗೆ

ಪೇಟೆಯ ವಾಹನ ನಿಲುಗಡೆಯ ಹೊಣೆ ಹೊತ್ತಿರುವ ಮಾನ್ಯರೇ,

ನಿಮ್ಮ ಹೆಸರನ್ನಾಗಲಿ ಕಚೇರಿಯ ಹೆಸರನ್ನಾಗಲಿ ನಾನಿಲ್ಲಿ ಬರೆಯುವುದಿಲ್ಲ. ನೀವು ಯಾರೆಂದು ನಿಮಗೂ ಗೊತ್ತು, ಪೇಟೆಗೂ ಗೊತ್ತು. ನೀವು ಸರಿಸು ಎಂದಿದ್ದಕ್ಕೆ ನಾಗಿ ಎಂಬ ಹೆಂಗಸು ನನ್ನ ಭಾರದ ಮೋಟಾರ್ ಸೈಕಲ್ಲನ್ನು ಇಳಿಜಾರಿನಲ್ಲಿ ಸರಿಸಲು ಹೋಗಿ ಕಾಲು ಮುರಿದುಕೊಂಡಳು. ಆಮೇಲೆ ನೀವು ಹಾಗೆ ಹೇಳಿಯೇ ಇಲ್ಲವೆಂದು ಅವಳನ್ನು ಕೆಲಸದಿಂದ ತೆಗೆದಿರಿ. ನನ್ನ ದೂರು ಇಷ್ಟೇ. ಇಷ್ಟನ್ನು ಹೇಳಲು ಬಹಿರಂಗ ಪತ್ರವೇ ಬೇಕಿತ್ತೇ ಎಂದು ತಾವು ಕೇಳಬಹುದು. ತಮ್ಮೆದುರು ನಿಂತು ಹೇಳೋಣವೆಂದು ಬಂದಾಗಲೆಲ್ಲ ತಾವು ಮೀಟಿಂಗಿನಲ್ಲಿ ಇದ್ದಿರಿ. ಪತ್ರಿಕೆಯನ್ನಾದರೂ ತಾವು ಮೀಟಿಂಗಿನಲ್ಲಿ ಓದುತ್ತೀರೆಂಬ ಭರವಸೆಯಿಂದ ಬರೆಯುತ್ತಿದ್ದೇನೆ.

ನಾನು ತಕ್ಕಡಿ ರಿಪೇರಿ ಮಾಡುವವನು. ಊರು ಬನವಾಸಿ ಕಡೆ, ಮನೆ ಇಸಳೂರಿನಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಿರಾಣಿ ಅಂಗಡಿಗಳಿಗೂ ಅಡಿಕೆ ವಖಾರಿಗಳಿಗೂ ಈ ಗಾಡಿಯ ಮೇಲೆಯೇ ಹೋಗಿ ತಕ್ಕಡಿ ಸರಿಮಾಡಿ ಬರುತ್ತೇನೆ. ಹಿಂದಿನ ಸೀಟಿಗೆ ಪೆಟ್ಟಿಗೆ ಕಟ್ಟಿಕೊಂಡು ಹೋಗಬೇಕಾದ್ದರಿಂದ ದೊಡ್ಡ ಗಾಡಿಯೇ ಬೇಕು, ಶೋಕಿಗೆ ತಂದಿದ್ದಲ್ಲ. ಚನ್ನಯ್ಯ ಸರಿ ಎಂದರೆ ತಕ್ಕಡಿ ಸರಿ ಎಂದು ನಂಬುವಷ್ಟು ಈ ಜನ ನನಗೆ ಮರ್ಯಾದೆ ಕೊಟ್ಟಿದ್ದರು. ಆ ಮರ್ಯಾದೆಯನ್ನೇ ತಾವು ಉಪಯೋಗಿಸಿಕೊಂಡಿರಿ.

ತಾವು ಬೇರೆ ಕಡೆಯಿಂದ ಬಂದವರು, ಆದ್ದರಿಂದ ಇಲ್ಲಿಯ ಒಂದು ರೂಢಿ ಹೇಳುತ್ತೇನೆ. ನಮ್ಮ ಪೇಟೆಯ ಓಣಿಗಳು ಇಕ್ಕಟ್ಟು. ಯಾರದೋ ಬೈಕನ್ನು ಯಾರೋ ಒಂದಿಷ್ಟು ಸರಿಸಿ ತಮ್ಮದನ್ನು ತೂರಿಸಿ ನಿಲ್ಲಿಸುತ್ತಾರೆ. ಹೀಗೆ ಸರಿಸುವವನನ್ನು ಯಾರೂ ಬೈಯುವುದಿಲ್ಲ. ಸರಿಸಲು ಬಾರದಂತೆ ಹ್ಯಾಂಡಲ್ ಲಾಕ್ ಹಾಕಿ ಹೋದವನಿಗೇ ಸೊಕ್ಕು ಎನ್ನುತ್ತಾರೆ. ಇದು ಸ್ಕೂಟಿಗಳಿಗೆ, ಸಣ್ಣ ಬೈಕುಗಳಿಗೆ ಚೆಂದದ ರೂಢಿ. ನನ್ನಂಥ ಗಾಡಿಯವರು ಮಾತ್ರ ಬೈಸಿಕೊಂಡರೂ ಸರಿ ಎಂದು ಲಾಕ್ ಹಾಕಿಯೇ ಹೋಗುತ್ತಿದ್ದೆವು. ಗೊತ್ತಿಲ್ಲದವನು ಮುಟ್ಟಿದರೆ ಅದು ಅವನ ಮೇಲೆಯೇ ಬೀಳುತ್ತದೆಂಬ ಹೆದರಿಕೆ ನಮಗಿತ್ತು.

ತಾವು ಬಂದ ಹೊಸತರಲ್ಲಿ ಅಂಗಡಿಯವರನ್ನೂ ನಮ್ಮನ್ನೂ ಕರೆದು ಸಭೆ ಮಾಡಿದಿರಿ, ನೆನಪಿದೆಯೇ? ಚಹಾ ಕೊಟ್ಟಿರಿ, ಮಿರ್ಚಿ ಭಜಿ ಕೊಟ್ಟಿರಿ. ಇಳಿಜಾರಿನ ಓಣಿಯನ್ನು ಬೈಕ್ ನಿಲ್ಲಿಸುವ ಜಾಗ ಮಾಡುತ್ತೇವೆ, ಸರಿಸಿ ಜೋಡಿಸಲು ಆಳು ಇಡುತ್ತೇವೆ, ಯಾರೂ ಹ್ಯಾಂಡಲ್ ಲಾಕ್ ಹಾಕಬೇಡಿ ಎಂದಿರಿ. ಭಾರದ ಗಾಡಿಯವರು ಯಾರೂ ಒಪ್ಪಲಿಲ್ಲ. ನಾನೇ ಎದ್ದು ನಿಂತು ಕಾರಣ ಹೇಳಿದೆ. ಓಡುವಾಗ ಈ ಗಾಡಿಯ ಭಾರ ಗೊತ್ತಾಗುವುದೇ ಇಲ್ಲ, ನಡಿಗೆಯ ವೇಗಕ್ಕೆ ಇಳಿದಾಗ ಅಷ್ಟೂ ಭಾರ ಕೈಗೆ ಬರುತ್ತದೆ, ಇಳಿಜಾರಿನಲ್ಲಿ ಒಬ್ಬರೇ ತಳ್ಳುವ ವಸ್ತು ಇದಲ್ಲ ಎಂದೆ. ತಾವು ತಲೆದೂಗಿದಿರಿ. ತಮ್ಮ ಮಾತು ಈಗಲೂ ನನ್ನ ಕಿವಿಯಲ್ಲಿದೆ.

"ಚನ್ನಯ್ಯನವರು ಹೇಳೋದು ಸರಿ. ಭಾರದ ಗಾಡಿಗಳಿಗೆ ಮೇಲಿನ ಸಮತಟ್ಟು ಜಾಗ ಬಿಡೋಣ. ಯಾವಾಗಲೂ ಇಬ್ಬರು ಇರ್ತಾರೆ. ಅವರಿಗೆ ನೀವೇ ಕಲಿಸಿಕೊಡಿ. ಇದು ನನ್ನ ಮಾತು."

ಅಧಿಕಾರಿಯೊಬ್ಬರು ಸಭೆಯಲ್ಲಿ ನನ್ನ ಹೆಸರು ಹಿಡಿದು ಹೊಗಳಿದ್ದು ಅದೇ ಮೊದಲು. ಹಿಗ್ಗಿ ಹೋದೆ. ಸಾಹೇಬರು ಮಾತು ಕೊಟ್ಟಿದ್ದಾರೆ, ಇನ್ನು ಯಾರೂ ಲಾಕ್ ಹಾಕಬೇಡಿ ಎಂದು ಅಂಗಡಿ ಅಂಗಡಿಗೆ ನಾನೇ ಹೇಳಿಕೊಂಡು ಬಂದೆ. ಕಾನಸೂರಿನಿಂದ ದಿನಾ ಬಸ್ಸಿಗೆ ಬಂದು ಅಂಗಡಿಗಳ ಕಸ ಗುಡಿಸುತ್ತಿದ್ದ ನಾಗಿ, ಗಾಡಿ ಸರಿಸುವ ಕೆಲಸಕ್ಕೆ ಕರೆಯುತ್ತಿದ್ದಾರೆ, ಸೇರಲೋ ಬೇಡವೋ ಎಂದು ನನ್ನನ್ನೇ ಕೇಳಿದಳು. ಧೈರ್ಯವಾಗಿ ಸೇರು ಎಂದೆ.

ಕಲಿಸಿದ್ದೂ ನಾನೇ, ಮೇಲಿನ ಸಮತಟ್ಟು ಜಾಗದಲ್ಲೇ. ಗಾಡಿಯ ಎಡಗಡೆ ನಿಂತು, ಸೀಟಿಗೆ ಸೊಂಟ ತಾಗಿಸಿ, ಗಾಡಿ ತುಸು ತನ್ನ ಕಡೆಗೇ ವಾಲುವಂತೆ ಹಿಡಿದು ನಡೆಸಬೇಕು. ಕೆಳಗೆ ಚಕ್ರ ನೋಡುತ್ತ ಕೂರದೆ ಹೋಗಬೇಕಾದ ಜಾಗ ನೋಡಬೇಕು. ಹ್ಯಾಂಡಲ್ ತಿರುಗಿದ್ದಾಗ ಮುಂದಿನ ಬ್ರೇಕ್ ಒತ್ತಲೇಬಾರದು, ಒತ್ತಿದರೆ ಗಾಡಿ ಗಕ್ಕನೆ ಆ ಕಡೆಗೇ ಮಲಗುತ್ತದೆ. ನಾನು ಬಿದ್ದಿದ್ದನ್ನೂ ಹೇಳಿ ನಗಿಸಿದೆ. ಅರಬೈಲು ಘಟ್ಟವನ್ನು ಹತ್ತಿ ಇಳಿದವನು ಯಲ್ಲಾಪುರದ ಪೆಟ್ರೋಲ್ ಬಂಕಿನಲ್ಲಿ, ನಿಲ್ಲಿಸುವ ಹೊತ್ತಿಗೆ, ಚೆಲ್ಲಿದ ಡೀಸೆಲ್ ಮೇಲೆ ಕಾಲು ಜಾರಿ, ನೋಡುವವರೆಲ್ಲ ನೋಡುತ್ತಿದ್ದಂತೆ ಗಾಡಿಯ ಜೊತೆ ನಿಧಾನಕ್ಕೆ ಮಲಗಿದ್ದೆ. ಎತ್ತಲು ಓಡಿಬಂದ ಪುಣ್ಯಾತ್ಮನೊಬ್ಬ ಆಕ್ಸಿಲರೇಟರನ್ನೇ ಹಿಡಿದು ಎಳೆದಿದ್ದ. ಕೊನೆಗೆ ಅವಳಿಗೆ ಎಲ್ಲಕ್ಕಿಂತ ಮುಖ್ಯವಾದದ್ದನ್ನು ಹೇಳಿದೆ.

"ತಂಗಿ, ಗಾಡಿ ವಾಲಿತಂದ್ರ ಹಿಡಿಯಾಕ ಹೋಗಬ್ಯಾಡ. ಬಿಟ್ಟು ಹಿಂದಕ್ಕ ಸರಿ. ತಗಡು ಬಡಿದು ನೆಟ್ಟಗ ಮಾಡಬಹುದು, ಕಾಲಿಗೆ ಹಂಗ ಮಾಡಾಕ ಬರೂದಿಲ್ಲ."

"ಬೇರೆಯವ್ರ ಗಾಡಿ ನೆಲಕ್ಕೆ ಬಿಡೋದು ಹೆಂಗೆ ಅಣ್ಣ?" ಎಂದಳು. ತಮಾಷೆಗೆ ಕೇಳಿದಳೆಂದು ನಾನು ನಕ್ಕೆ.

ಮುಂದೆ ಆದದ್ದನ್ನು ತಮಗೆ ನೆನಪಿಸಬೇಕೇ? ಸಮತಟ್ಟು ಜಾಗಕ್ಕೆ ಮರದ ನೆರಳಿತ್ತು. ಸ್ವಲ್ಪ ದಿನಕ್ಕೆ ಅಲ್ಲಿ ತಮ್ಮ ಜೀಪು ಬಂದು ನಿಂತಿತು. ಪಾಪ, ನಾಲ್ಕು ಚಕ್ರದ ಜೀಪು ಇಳಿಜಾರಿನಲ್ಲಿ ಹೇಗೆ ನಿಂತೀತು? ಎರಡು ಚಕ್ರದವುಗಳಿಗಾದರೆ ಅಭ್ಯಾಸವಿರುತ್ತದೆ. ನಾಗಿಯ ಜೊತೆಗಿದ್ದ ಇನ್ನೊಬ್ಬ ಆಳನ್ನು ತಮ್ಮ ಕಚೇರಿಯ ಚಹಾ ತರಲು ಹಾಕಿಕೊಂಡಿರಿ. ನಾನು ಬಂದು ಕೇಳಿದೆ. ಮುಂದಿನ ವಾರ ನೋಡೋಣ ಎಂದಿರಿ. ನಾನು ಆ ಮುಂದಿನ ವಾರವನ್ನೂ ನಂಬಿದೆ. ನನಗೆ ಈಗಲೂ ಸಂಕಟವಾಗುವುದು ಅದಕ್ಕೇ.

ಚೌತಿಯ ಹಿಂದಿನ ದಿನ ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಳಿಗ್ಗೆ ಮಳೆ ಬಂದು ಓಣಿಯ ಟೈಲ್ಸ್ ಒದ್ದೆಯಾಗಿತ್ತು. ನಾನು ಗಾಡಿಯನ್ನು ಮುಖ ಮೇಲಕ್ಕೆ ಮಾಡಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆ. ತಮ್ಮ ನಿಯಮದಂತೆ ಲಾಕ್ ಹಾಕಲಿಲ್ಲ. ಇದನ್ನು ಒಬ್ಬಳೇ ಮುಟ್ಟಬೇಡ, ಈಗ ಬಂದೆ ಎಂದು ನಾಗಿಗೆ ಹೇಳಿ ಓಣಿಯ ಬಾಯಲ್ಲೇ ಇರುವ ದರ್ಶನನ ಕಿರಾಣಿ ಅಂಗಡಿಗೆ ಹೋದೆ. ತಕ್ಕಡಿ ಬಿಚ್ಚುವಷ್ಟರಲ್ಲಿ ತಮ್ಮ ಜೀಪು ಬಂತು. ನೆರಳಿಗೆ ಹೋಗುವ ದಾರಿಗೆ ನನ್ನ ಗಾಡಿ ಒಂದಿಷ್ಟು ಅಡ್ಡವಿತ್ತು. ಇದು ಭಾರದ ಗಾಡಿ, ಚನ್ನಣ್ಣ ಇಲ್ಲೇ ಇದ್ದಾರೆ, ಕರೆಯುತ್ತೇನೆ ಎಂದು ನಾಗಿ ತಮಗೆ ಹೇಳಿದಳು. ತಾವು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕೆಲಸ ಬೇಕೋ ಬೇಡವೋ? ಸರಿಸು," ಎಂದಿರಿ. ಹಾರ್ನ್ ಹೊಡೆಸಿದಿರಿ. ಅಂಗಡಿಯಲ್ಲಿದ್ದ ನಾವೆಲ್ಲ ಅದನ್ನು ಕೇಳಿದೆವು. ನಾನು ಕೈಯಲ್ಲಿದ್ದದ್ದನ್ನು ಬಿಸಾಕಿ ಮೆಟ್ಟಿಲಿಳಿಯುವಷ್ಟರಲ್ಲಿ ಅವಳು ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಆಗಿತ್ತು. ಅದು ಹಿಂದಕ್ಕೆ ಉರುಳಿತು. ಹಿಂದೆ ತಮ್ಮ ಜೀಪು. ಅವಳು ಹ್ಯಾಂಡಲ್ ತಿರುಗಿಸಿ, ಗಾಬರಿಯಲ್ಲಿ ಮುಂದಿನ ಬ್ರೇಕ್ ಒತ್ತಿದಳು. ಗಾಡಿ ವಾಲಿತು. ಅವಳು ಬಿಡಲಿಲ್ಲ.

ಎಲ್ಲರೂ ಸೇರಿ ಗಾಡಿ ಎತ್ತಿದಾಗ ಅವಳ ಪಾದ ಇರಬೇಕಾದ ಕಡೆಗೆ ಇರಲಿಲ್ಲ. ಆಗ ತಾವು ಜೀಪಿನಿಂದ ಇಳಿದು ಜನರ ಎದುರು ಏನೆಂದಿರಿ? ಇದನ್ನು ಮುಟ್ಟಲು ಇವಳಿಗೆ ಯಾರು ಹೇಳಿದ್ದು ಎಂದಿರಿ. ನನ್ನ ಕಡೆ ತಿರುಗಿ, ಇಂಥ ಗಾಡಿಗೆ ಹ್ಯಾಂಡಲ್ ಲಾಕ್ ಹಾಕುವಷ್ಟೂ ಜವಾಬ್ದಾರಿ ಬೇಡವೇ ಎಂದಿರಿ. ಸುಳ್ಳು ಹೇಳುವವರನ್ನು ನೋಡಿದ್ದೇನೆ, ಆದರೆ ಕೇಳಿಸಿಕೊಂಡವರ ಮುಖ ನೋಡುತ್ತಲೇ ಹೇಳುವವರನ್ನು ನೋಡಿರಲಿಲ್ಲ. ವಾರದೊಳಗೆ, ಅನುಮತಿಯಿಲ್ಲದೆ ವಾಹನ ಮುಟ್ಟಿದಳೆಂದು ಅವಳ ಕೆಲಸ ಹೋಯಿತು. ಅಂಗಡಿಯವರು ಯಾರೂ ಬಾಯಿ ಬಿಡುವುದಿಲ್ಲ. ಅವರ ಅಂಗಡಿಯ ಮುಂದೆ ಓಣಿಗೆ ಚಾಚಿರುವ ಕಟ್ಟೆ, ತಗಡಿನ ಮಾಡು ಎಲ್ಲ ತಮ್ಮ ಕೃಪೆಯಲ್ಲಿವೆ. ಅವರು ತಮ್ಮನ್ನು ಬಿಟ್ಟು ನನ್ನನ್ನು ಕೇಳುತ್ತಾರೆ, ಲಾಕ್ ಹಾಕಬೇಡಿ ಎಂದು ಹೇಳಿಕೊಂಡು ತಿರುಗಿದವರು ನೀವೇ ಅಲ್ಲವೇ ಎಂದು.

ಸಾಹೇಬರು ಮೋಸ ಮಾಡಿದರು ಎಂದು ಮನೆಯಲ್ಲಿ ಕೂಗಾಡಿದೆ. ನನ್ನ ಹೆಂಡತಿ ಗುರುಶಾಂತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಸಾಹೇಬರ ಮಾತು ನಂಬಿದ್ದು ನೀವು. ಆಕಿ ನಂಬಿದ್ದು ನಿಮ್ಮನ್ನ," ಎಂದಳು.

ಇಬ್ಬರೂ ಕಾನಸೂರಿಗೆ ಹೋದೆವು. ನಾಗಿ ಜಗಲಿಯಲ್ಲಿ ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. ಬೈದರೆ ಬೈಸಿಕೊಳ್ಳೋಣವೆಂದು ಹೋದವನಿಗೆ ಅವಳು ಕೇಳಿದ ಮೊದಲ ಮಾತು, "ಅಣ್ಣ, ನಿಮ್ಮ ಗಾಡಿಗೆ ಎಂತೂ ಆಗ್ಲಿಲ್ಲ ಅಲ್ದ?" ಎಂಬುದು. ನಾನು ಬಿಡು ಎಂದು ಕಲಿಸಿರಲಿಲ್ಲವೇ, ಯಾಕೆ ಹಿಡಿದುಕೊಂಡೆ ಎಂದು ಕೇಳಿದೆ.

"ನೆನಪಿತ್ತು ಅಣ್ಣ. ಸಾಹೇಬ್ರು ನೋಡ್ತಾ ಇದ್ರು. ಬಿದ್ರೆ ಕೆಲ್ಸ ಹೋಗ್ತದೆ ಹೇಳಿ ಹಿಡ್ಕಂಡೆ."

ಮಾನ್ಯರೇ, ಹಿಡಿದುಕೊಂಡಿದ್ದಕ್ಕೆ ಕಾಲು ಹೋಯಿತು, ಆಮೇಲೆ ಕೆಲಸವೂ ಹೋಯಿತು. ಇದನ್ನು ತಮ್ಮ ಕಚೇರಿಯ ಭಾಷೆಯಲ್ಲಿ ಏನೆನ್ನುತ್ತಾರೆ? ಶಿಸ್ತುಕ್ರಮ ಎನ್ನುತ್ತಾರಂತೆ. ನಮ್ಮ ಕಡೆ ಅನ್ಯಾಯ ಎನ್ನುತ್ತೇವೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಬರುವ ಮಂಗಳವಾರ ಸಂತೆಯ ದಿನ ಅದೇ ಓಣಿಗೆ ಬನ್ನಿ. ನನ್ನ ಗಾಡಿ ಅದೇ ಜಾಗದಲ್ಲಿ, ಮುಖ ಮೇಲಕ್ಕೆ ಮಾಡಿ, ಲಾಕ್ ಹಾಕದೆ ನಿಂತಿರುತ್ತದೆ. ಅದನ್ನು ಸ್ಟ್ಯಾಂಡಿನಿಂದ ಇಳಿಸಿ, ಒಬ್ಬರೇ, ತಮ್ಮ ಜೀಪು ನಿಲ್ಲುವ ಮರದ ನೆರಳಿನವರೆಗೆ ತಳ್ಳಿಕೊಂಡು ಹೋಗಿ. ಹಿಂದೆ ನಿಂತು ಯಾರೂ ಹಾರ್ನ್ ಹೊಡೆಯುವುದಿಲ್ಲ, ಕೆಲಸ ಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ. ತಮ್ಮಿಂದ ಅದು ಆದರೆ ತಪ್ಪು ನಾಗಿಯದೇ ಎಂದು ನಾನು ಸಂತೆಯಲ್ಲಿ ಕೂಗಿ ಹೇಳುತ್ತೇನೆ. ಆಗದಿದ್ದರೆ ಅಲ್ಲೇ, ಅವಳೆದುರು, ಸರಿಸು ಎಂದು ಹೇಳಿದ್ದು ನಾನೇ ಎಂದು ತಾವು ಹೇಳಬೇಕು. ಅವಳ ಕಾಲು ನೆಟ್ಟಗಾದ ದಿನ ಅವಳ ಕೆಲಸ ಅವಳಿಗೆ ಸಿಗಬೇಕು. ಆ ಸಮತಟ್ಟು ಜಾಗದಿಂದ ಜೀಪು ತೆಗೆಯಬೇಕು. ನಾಗಿಯನ್ನು ಕರೆತಂದು ದರ್ಶನನ ಅಂಗಡಿಯ ಕಟ್ಟೆಯ ಮೇಲೆ ಕೂರಿಸುವ ಜವಾಬ್ದಾರಿ ನನ್ನದು.

ತಮಗೆ ಪೆಟ್ಟಾಗಲೆಂದು ಕರೆಯುತ್ತಿಲ್ಲ. ನಾನು ಪಕ್ಕದಲ್ಲೇ ಇರುತ್ತೇನೆ. ಅವಳಿಗೆ ಹೇಳಿದ್ದನ್ನೇ ತಮಗೂ ಹೇಳುತ್ತೇನೆ: ಗಾಡಿ ವಾಲಿದರೆ ಹಿಡಿಯಲು ಹೋಗಬೇಡಿ, ಬಿಟ್ಟು ಹಿಂದಕ್ಕೆ ಸರಿಯಿರಿ. ಅದು ನನ್ನ ಗಾಡಿ, ಬಿದ್ದರೆ ಬೀಳಲಿ. ತಮ್ಮ ಕೆಲಸವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.

ಇಂತಿ,
ತಮ್ಮ ಮಾತನ್ನು ಅಂಗಡಿ ಅಂಗಡಿಗೆ ಹಂಚಿ ಬಂದ,
ಈಗ ಅದೇ ಅಂಗಡಿಗಳ ಮುಂದೆ ತಲೆ ತಗ್ಗಿಸಿ ಗಾಡಿ ತಳ್ಳುವ
ಚನ್ನಯ್ಯ, ತಕ್ಕಡಿ ರಿಪೇರಿಯವನು
ಇಸಳೂರು