ಹೊರಗೆ ಮಾವ ಕೂತಿದ್ದಾರೆ

ಅಟ್-ಬಾಶಿ
ಅಕ್ಟೋಬರ್ ೧೯, ಭಾನುವಾರ

ಮಗಳು ಬುರುಲ್‌ಗೆ,

ನೀನೂ ಮಗುವೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಸೈಕಾಲ್‌ಳ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು ಕೊಡು. ಆಮೇಲೆ ಎಡಗೈಯ ಐದು ಬೆರಳಿಗೂ ಒಂದೊಂದು ಕೊಡು.

ಇಷ್ಟು ದಿನ ನಿನ್ನ ಜೊತೆ ಮಾತಾಡದೆ ಉಳಿದದ್ದಕ್ಕೆ ಕ್ಷಮಿಸು. ನೀನು ಫೋನ್ ಮಾಡಿದಾಗಲೆಲ್ಲ ನಿನ್ನ ಮಾವ "ಅವಳು ಹಾಲು ಕರೀತಿದ್ದಾಳಮ್ಮ" ಅನ್ನುತ್ತಿದ್ದರಲ್ಲ, ಅದನ್ನು ಹೇಳಿಕೊಟ್ಟವಳು ನಾನೇ. ನಡುಮಧ್ಯಾಹ್ನ ಯಾವ ಹಸು ಹಾಲು ಕೊಡುತ್ತದೆ? ನಿನಗೂ ಗೊತ್ತಾಗಿರುತ್ತದೆ. ಆದರೂ ಒಂದು ದಿನವೂ ಆಕ್ಷೇಪಿಸದೆ, ಅತ್ತೆಯಾದ ನನ್ನನ್ನು ತಾಯಿಯೆಂದೇ ಕರೆದು "ಅಪಾಗೆ ಸಲಾಮ್ ಹೇಳಿ" ಎಂದು ಇಟ್ಟುಬಿಡುತ್ತಿದ್ದೆ. ನಿನ್ನ ಈ ಒಳ್ಳೆಯತನವೇ ಈಗ ನನ್ನನ್ನು ತಿನ್ನುತ್ತಿದೆ.

ಇದು ಫೋನಿನಲ್ಲಿ ಹೇಳುವ ಮಾತಲ್ಲ. ನಮ್ಮ ಮನೆ ಗೊತ್ತಲ್ಲ, ಒಲೆ ಮುಂದೆ ಸೀನಿದರೆ ಕೊಟ್ಟಿಗೆಯಲ್ಲಿ ಕೇಳುತ್ತದೆ. ಈಗ ಅವರು ದನದ ಸಂತೆಗೆ ಹೋಗಿದ್ದಾರೆ, ಸಂಜೆಯವರೆಗೆ ಬರುವುದಿಲ್ಲ. ಕುಬಾನ್ ನಾಳೆ ವ್ಯಾನಿನಲ್ಲಿ ಜನ ತುಂಬಿಕೊಂಡು ಬಿಷ್ಕೆಕ್‌ಗೆ ಬರುತ್ತಾನೆ, ಅವನ ಕೈಯಲ್ಲೇ ಕಳಿಸುತ್ತೇನೆ. ಲಕೋಟೆ ಅಂಟಿಸಿದ್ದೇನೆ. ಬಿಚ್ಚಿದ್ದು ಕಂಡರೆ ನಿನ್ನ ಗಂಡನ ಕಿವಿ ಹಿಂಡು, ನನ್ನ ಅಪ್ಪಣೆ ಇದೆ.

ಇಲ್ಲಿ ಆಲೂಗೆಡ್ಡೆ ಅಗೆದು ಮುಗಿಯಿತು. ಕುರಿಗಳು ಬೆಟ್ಟದಿಂದ ಇಳಿದಿವೆ. ಘಾಟಿ ರಸ್ತೆಯ ಮೇಲೆ ಆಗಲೇ ಹಿಮ ಕೂತಿದೆ, ಆದ್ದರಿಂದ ಕುಬಾನ್‌ಗೆ ನಿಧಾನ ಓಡಿಸು ಎಂದು ನೀನೂ ಹೇಳು. ನಾನು ಹೇಳಿದರೆ "ಅಮ್ಮಾ, ಸ್ಟೇರಿಂಗ್ ನೀನೇ ಹಿಡ್ಕೋ" ಅನ್ನುತ್ತಾನೆ. ಒಣಮೊಸರಿನ ಉಂಡೆ, ಬೆಣ್ಣೆ, ಮಗುವಿಗೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ತೋಳಿಗೂ ಒಂದು ಚೀಲ ಹೆಣೆಯಲು ಕೂತೆ, ಅಳತೆ ತಿಳಿಯದೆ ಬಿಟ್ಟೆ. ಎರಡು ತೋಳೂ ಒಂದೇ ದಪ್ಪ ಇವೆಯೋ, ಎಡಗೈ ಸಣ್ಣಗಾಗಿದೆಯೋ ಎಂದು ನಿನ್ನನ್ನು ಕೇಳಲು ಬಾಯಿ ಬರಲಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯ ಮೇಲೆ ಕೊಟ್ಟ ದೂರನ್ನು ನೀನು ವಾಪಸ್ ತೆಗೆದುಕೊಳ್ಳುತ್ತೀಯಂತೆ. ಬರುವ ಶುಕ್ರವಾರ ನಾರಿನ್‌ನಲ್ಲಿ ಮೇಲ್ಮನವಿಯ ಮೇಲೆ ಎರಡನೆಯ ವಿಚಾರಣೆ ಇಟ್ಟಿದ್ದಾರೆ, ನೀನು ಬರುವುದಿಲ್ಲವಂತೆ. "ಬಿಟ್ಬಿಡೋಣ ಕುಬಾನ್, ಈ ವಯಸ್ಸಲ್ಲಿ ಅಪಾನ್ನ ಮತ್ತೆ ಆ ಮೆಟ್ಟಿಲು ಹತ್ತಿಸೋದು ಬೇಡ" ಎಂದೆಯಂತೆ. ಅವನು ನನ್ನೆದುರು ಹೆಮ್ಮೆಯಿಂದ ಹೇಳಿದ, ನೋಡಮ್ಮ ನಿನ್ನ ಸೊಸೆ ಎಂಥವಳು ಎಂದು. ನಾನು ತಟ್ಟೆ ಸರಿಸಿ ಎದ್ದೆ.

ಬುರುಲ್, ದೂರು ವಾಪಸ್ ತೆಗೆಯಬೇಡ. ಆ ಆಸ್ಪತ್ರೆಯವರು ಮಾಡಿದ್ದು ತಪ್ಪು. ಅದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಚಳಿಗಾಲವೆಲ್ಲ ನೀನು ಬಿಂದಿಗೆಗಟ್ಟಲೆ ನೀರು ಕುಡಿದೆ, ನಿನ್ನ ಹೊಟ್ಟೆ ಬಾಗಿಲಿಗೆ ಅಡ್ಡ ಬರುವಷ್ಟು ಬೆಳೆಯಿತು, ಒಮ್ಮೆಯಾದರೂ ಸಕ್ಕರೆ ಪರೀಕ್ಷೆ ಮಾಡಿದರೇ? ನಿನ್ನ ಮಾವ "ಪೈಲ್ವಾನ್ ಬರ್ತಿದ್ದಾನೆ, ಕುದುರೆ ರೆಡಿ ಮಾಡಿ" ಎಂದು ನಗುತ್ತಿದ್ದರು, ಡಾಕ್ಟರ್ ಕಾಲಿಪಾ ಕೂಡ ಅವರ ಜೊತೆ ನಕ್ಕಳು. ಡಾಕ್ಟರಾದವಳು ನಗಬೇಕೇ, ನೋಡಬೇಕೇ? ಹೆರಿಗೆಯ ದಿನ ಬೆಳಿಗ್ಗೆ ಒಬ್ಬಳು ಬಂದು ಮಗುವಿನ ಎದೆಬಡಿತ ಕೇಳಿ ಹೋದಳು, ಆಮೇಲೆ ಒಬ್ಬರೂ ಆ ಕಡೆ ತಲೆಹಾಕಲಿಲ್ಲ. ಮುಖ್ಯ ನರ್ಸಿನ ಹುಟ್ಟುಹಬ್ಬ. ಪಕ್ಕದ ಕೋಣೆಯಲ್ಲಿ ಕೇಕು, ನಗು, ತಟ್ಟೆಯ ಸದ್ದು.

ಬಂದಾಗ ಎಲ್ಲರೂ ಒಟ್ಟಿಗೆ ಬಂದರು, ಎಲ್ಲರಿಗೂ ಗಾಬರಿ. ಕಾಲಿಪಾ ಸ್ಟೂಲಿನ ಮೇಲೆ ಹತ್ತಿ ಮೊಣಕೈಯಿಂದ ನಿನ್ನ ಹೊಟ್ಟೆ ಒತ್ತಿದಳು. ಇನ್ನೊಬ್ಬಳು ಮಗುವಿನ ತಲೆ ಹಿಡಿದು ಎಳೆದಳು. ಭುಜ ಸಿಕ್ಕಿಕೊಂಡಿರುವಾಗ ಮೇಲಿಂದ ಒತ್ತಬಾರದಂತೆ, ಕತ್ತು ಎಳೆಯಬಾರದಂತೆ. ಬಿಷ್ಕೆಕ್‌ನ ಡಾಕ್ಟರ್ ಹೇಳಿದ್ದನ್ನು ನೀನೇ ನನಗೆ ಹೇಳಿದೆ. ಆಗ ನಮಗೇನು ಗೊತ್ತಿತ್ತು? ಮಗು ನೀಲಿಯಾಗಿ ಬಂತು, ಆಮೇಲೆ ಅತ್ತಿತು, ನಾವು ದೇವರನ್ನು ನೆನೆದೆವು. ಹೆಸರಿಡುವ ದಿನ ಕುರಿ ಕಡಿದು, ಹಿರಿಯರಿಗೆ ಕೊಡುವ ತೊಡೆಯ ತುಂಡನ್ನು ಅದೇ ಕಾಲಿಪಾಳ ತಟ್ಟೆಗೆ ಇಟ್ಟೆ. ನೀನು ಸೊಂಟ ಬಗ್ಗಿಸಿ ಅವಳಿಗೆ ಚಹಾ ಬಗ್ಗಿಸಿಕೊಟ್ಟೆ. ಮಗುವಿನ ಎಡಗೈ ಆಗಲೇ ಜೋತುಬಿದ್ದಿತ್ತು, ನಾನು "ಬಟ್ಟೆ ಬಿಗಿಯಾಯ್ತೇನೋ" ಎಂದು ಸಡಿಲಿಸಿದೆ.

ಈಗ ಮೊದಲ ವಿಚಾರಣೆಯ ಮಾತು. ವಿಚಾರಣಾ ಸಮಿತಿಯ ಆ ಅಧ್ಯಕ್ಷ ನಿನ್ನನ್ನು ಕೇಳುವ ಮೊದಲು ನನ್ನನ್ನು ಕೇಳಿದ, ನಾನು ಹಿರಿಯಳೆಂದು. "ನಿಮ್ಮ ಸೊಸೆ ನೋವು ಜಾಸ್ತಿಯಾಗಿದೆ ಅಂತ ಯಾರಿಗಾದ್ರೂ ಹೇಳಿದ್ಲಾ? ಯಾರನ್ನಾದ್ರೂ ಕರೆದ್ಲಾ?"

ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದೆ. "ನಮ್ ಸೊಸೆ ಒಳ್ಳೇ ಮನೆತನದೋಳು. ಹೊರಗೆ ಮಾವ ಕೂತಿದ್ದಾರೆ ಅಂದ್ರೆ ಅವಳ ಬಾಯಿಂದ ಒಂದು ಚೂರು ಸದ್ದು ಬರಲ್ಲ. ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ."

ಊರಲ್ಲಿ ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಊರಿಗೆಲ್ಲ ನಾನೇ ಹೇಳಿಕೊಂಡು ಬಂದಿದ್ದೆ. ಪಕ್ಕದ ಮನೆಯ ಗುಲ್ಸುನ್ ತನ್ನ ಸೊಸೆ ಹೆರುವಾಗ ಇಡೀ ಬೀದಿ ಎಬ್ಬಿಸಿದಳೆಂದು ಗೊಣಗಿದಾಗ, ನಾನು ನಿನ್ನ ಹೆಸರು ಹೇಳಿ ಅವಳ ಬಾಯಿ ಮುಚ್ಚಿಸಿದ್ದೆ. ಆ ಅಧ್ಯಕ್ಷನ ಮುಂದೆಯೂ ಅದೇ ಜಂಬ. ಆಸ್ಪತ್ರೆಯ ವಕೀಲ ತಲೆಯೆತ್ತಿ ನನ್ನನ್ನು ನೋಡಿ ಮುಗುಳ್ನಕ್ಕ. ಮೆಚ್ಚಿದನೆಂದುಕೊಂಡೆ, ಪೆದ್ದಿ. ಆಮೇಲೆ ನಿನ್ನನ್ನು ಕೇಳಿದರು. ನೀನು ನೆಲ ನೋಡುತ್ತಾ "ಅಪಾ ಹೇಳಿದ್ದೇ ಸರಿ" ಎಂದೆ.

ತೀರ್ಪಿನಲ್ಲಿ ಏನು ಬರೆದರು? ತಾಯಿ ಯಾವ ತೊಂದರೆಯನ್ನೂ ತಿಳಿಸಲಿಲ್ಲ, ಆದ್ದರಿಂದ ಸಿಬ್ಬಂದಿಗೆ ಗೊತ್ತಾಗುವಂತಿರಲಿಲ್ಲ. ನೀನು ಮಗುವನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿದೆ. ವ್ಯಾನಿನಲ್ಲಿ ನನಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟೆ.

ಶುಕ್ರವಾರ ನಾನು ನಾರಿನ್‌ಗೆ ಹೋಗುತ್ತೇನೆಂದು ಮೊನ್ನೆ ನಿನ್ನ ಮಾವನಿಗೆ ಹೇಳಿದೆ. ಅವರು ಲಗಾಮಿನ ಪಟ್ಟಿ ಹೊಲಿಯುತ್ತಿದ್ದವರು ಸೂಜಿ ನಿಲ್ಲಿಸಿದರು.

"ಹೋಗಿ ಏನ್ ಹೇಳ್ತೀಯ?"

"ಇದ್ದದ್ದು ಇದ್ದ ಹಾಗೆ."

"ಕಾಲಿಪಾ ನಮ್ಮ ಕುಲದೋಳು ಕಣೆ. ನಾಳೆ ನಾನ್ ಸತ್ರೆ ಮಣ್ಣು ಹಾಕೋಕೆ ಬರೋರು ಅವಳ ಅಣ್ತಮ್ಮಂದಿರು."

"ಬರ್ದಿದ್ರೆ ಬಿಡಿ, ಗುಂಡಿ ನಾನೇ ತೋಡ್ತೀನಿ. ಆಲೂಗೆಡ್ಡೆ ಅಗೆದು ಅಭ್ಯಾಸ ಇದೆ."

ಬೇರೆ ದಿನವಾಗಿದ್ದರೆ ನಗುತ್ತಿದ್ದರು. "ನಿನ್ ಸೊಸೆ ಸುಮ್ನಿದ್ಲು, ಅವರು ಬರ್ಲಿಲ್ಲ. ಅದ್ರಲ್ಲಿ ನೀನು ಹೇಳೋದೇನಿದೆ?" ಎಂದರು.

"ಅವಳು ಯಾಕ್ ಸುಮ್ನಿದ್ಲು? ನೀವು ಬಾಗಿಲ ಹೊರಗೆ ಕೂತಿದ್ರಿ ಅಂತ."

ಅವರು ಪಟ್ಟಿಯನ್ನು ಕೆಳಗಿಟ್ಟರು. ಆಮೇಲೆ ಹೇಳಿದರು. "ನಾನು ಅಲ್ಲಿರ್ಲಿಲ್ಲ."

"ಏನಂದ್ರಿ?"

"ಬಾಗಿಲ ಹತ್ರ ಇರ್ಲಿಲ್ಲ ಕಣೆ. ಹೆಂಗಸ್ರ ನರಳಾಟ ಕೇಳೋಕೆ ನನ್ ಕೈಲಿ ಆಗಲ್ಲ. ನೀವು ಒಳಗ್ ಹೋದ ತಕ್ಷಣ ನಾನು ಗೇಟಾಚೆ ಹೋದೆ. ಅಲ್ಲಿ ಯಾರೋ ಟ್ರ್ಯಾಕ್ಟರ್ ರಿಪೇರಿ ಮಾಡ್ತಿದ್ರು, ನೋಡ್ಕೊಂಡ್ ನಿಂತಿದ್ದೆ. ಅತ್ತಿದ್ರೂ ಕೇಳಿಸ್ತಿರ್ಲಿಲ್ಲ ನಂಗೆ."

ನಾನು ಎದ್ದು ಹೊರಗೆ ಹೋದೆ. ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಕೂತೆ. ಯಾರೂ ಇಲ್ಲದ ಒಂದು ಬೆಂಚಿಗೆ ಮರ್ಯಾದೆ ಕೊಟ್ಟು ನನ್ನ ಮೊಮ್ಮಗಳ ಕೈ ಹೋಯಿತು. ಅಳು ಬಂತು, ಅತ್ತೆ. ನಾನು ಗಟ್ಟಿಯಾಗಿಯೇ ಅತ್ತೆ, ನಿನ್ನ ಮಾವನಿಗೆ ಕೇಳಿಸಲಿ ಎಂದೇ ಅತ್ತೆ.

ಸಂಜೆ ಅವರು ತಾವಾಗಿ ಚಹಾ ಕಾಸಿ ತಂದರು. ಮದುವೆಯಾದಾಗಿನಿಂದ ಆ ಕೈ ಚಹಾ ಕಾಸಿದ್ದನ್ನು ನಾನು ಕಂಡಿಲ್ಲ. ಸಕ್ಕರೆ ಬದಲು ಉಪ್ಪು ಹಾಕಿದ್ದರು, ಕುಡಿದೆ. "ಶುಕ್ರವಾರ ನಾನೂ ಬರ್ತೀನಿ, ಗೇಟಾಚೆ ಇದ್ದೆ ಅಂತ ಹೇಳ್ತೀನಿ. ಕುಲದೋರು ಬೈದ್ರೆ ಬೈಲಿ" ಎಂದರು. ಅಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನಿನಗೆ ಅರ್ಥವಾಗುತ್ತದೆ.

ಹಾಗಾಗಿ ನೀನು ಬಾ. ಗುರುವಾರವೇ ಕುಬಾನ್ ಜೊತೆ ಹೊರಟು ಬಾ. ಗೆದ್ದರೆ ಮಗುವಿನ ಚಿಕಿತ್ಸೆಗೆ ದಾರಿಯಾಗುತ್ತದೆ. ಸೋತರೂ, ಇನ್ನೊಂದು ಹೊಟ್ಟೆಯ ಮೇಲೆ ಮೊಣಕೈ ಇಡುವ ಮುಂಚೆ ಅವರು ಒಮ್ಮೆ ಯೋಚಿಸುತ್ತಾರೆ. ಗುಲ್ಸುನ್‌ಳ ಸೊಸೆಗೆ ಮತ್ತೆ ದಿನ ತುಂಬುತ್ತಿದೆ, ಅದೇ ಆಸ್ಪತ್ರೆಗೇ ಹೋಗುವವಳು. ನಾನು ಅವಳನ್ನು ಕರೆದು, ಇಡೀ ಜಿಲ್ಲೆ ಎಬ್ಬಿಸು ಮಗಳೇ ಎಂದು ಹೇಳಿ ಕಳಿಸಿದ್ದೇನೆ. ಗುಲ್ಸುನ್ ನನಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದಾಳೆ.

ಅಲ್ಲಾಹನು ನಿನ್ನನ್ನು ಕಾಯಲಿ. ಸೈಕಾಲ್‌ಳ ಕೈಗೆ ಬಲ ಬರಲಿ, ಆ ಕೈಯಿಂದಲೇ ಅವಳು ಕುದುರೆಯ ಲಗಾಮು ಹಿಡಿಯಲಿ, ಅಷ್ಟಾಗದಿದ್ದರೆ ರೊಟ್ಟಿ ಮುರಿಯುವಷ್ಟಾದರೂ ಆಗಲಿ. ನೀನು ನನಗಿಂತ ಒಳ್ಳೆಯ ಅತ್ತೆಯಾಗುವಷ್ಟು ಕಾಲ ಬದುಕು. ಎರಡೂ ಅಂಗೈ ತೆರೆದು ಬೇಡಿ ಮುಖ ಸವರಿಕೊಳ್ಳುತ್ತಿದ್ದೇನೆ.

ನಿನ್ನ ಅಪಾ,
ಉಮ್ಸುನ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನೀನು ಸುಮ್ಮನಿರಲಿಲ್ಲ. "ಮಗು ಅಲ್ಲಾಡ್ತಿಲ್ಲ ಅಪಾ, ಯಾರನ್ನಾದ್ರೂ ಕರೀರಿ" ಎಂದು ನನ್ನ ತೋಳು ಹಿಡಿದೆ. ನಾನು "ತಡ್ಕೋ, ಎಲ್ರೂ ಹೆತ್ತಿದ್ದಾರೆ" ಎಂದೆ. ನೀನು ಬಾಗಿಲಿನ ಕಡೆ ತಿರುಗಿ ಡಾಕ್ಟರನ್ನು ಕೂಗಲು ಬಾಯಿ ತೆರೆದೆ. ಆಗ ನನ್ನ ತಲೆವಸ್ತ್ರದ ತುದಿಯನ್ನು ನಿನ್ನ ಬಾಯಿಗೆ ತುರುಕಿ ಮೇಲೆ ಅಂಗೈ ಒತ್ತಿ ಹಿಡಿದೆ. ಅವರು ಕೇಕು ತಿಂದು ಬರುವವರೆಗೂ ಹಿಡಿದೇ ಇದ್ದೆ. ನೋವಿಗೆ ಕಚ್ಚಿಕೊಳ್ಳಲು ನೀನೇ ಕೇಳಿದೆಯೆಂದು ಎಲ್ಲರಿಗೂ ಹೇಳಿದೆ, ಕುಬಾನ್‌ಗೂ ಹೇಳಿದೆ, ನೀನು ಹೌದೆಂದೆ. ಶುಕ್ರವಾರ ಇದನ್ನೇ ಮೊದಲು ಹೇಳುತ್ತೇನೆ. ನಿಜವೇ ಎಂದು ಅವರು ನಿನ್ನನ್ನು ಕೇಳುತ್ತಾರೆ. ನಿನ್ನ ಕಾಲಿಗೆ ಬೀಳುತ್ತೇನೆ ಬುರುಲ್, ನನ್ನ ಮಾನ ಉಳಿಸಲು ಹೋಗಿ ಇಲ್ಲ ಎನ್ನಬೇಡ.