ನಲವತ್ತೆಂಟು ಹೆಸರು, ಒಂದೇ ಮತ

ವಾಷಿಂಗ್ಟನ್
ಮಾರ್ಚ್ ೯

ಪ್ರೀತಿಯ ಇನೆಜ್,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕಾರ್ಡು ತಲುಪಿತು. ಅದರಲ್ಲಿ ಡಾಲ್ಟನ್‌ನ ಸಹಿ ಇರಲಿಲ್ಲ. ಉತ್ತರ ಬರೆಯಲೆಂದು ಮೂರು ಸಲ ಕೂತೆ, ಮೂರು ಸಲವೂ ಹವೆಯ ವಿಚಾರ ಬರೆದು ಹರಿದುಹಾಕಿದೆ. ತಡವಾದದ್ದಕ್ಕೆ ನಿನ್ನ ಅಕ್ಕನನ್ನು ಬೈದುಕೋ. ಬ್ಯೂಟ್‌ನಲ್ಲಿ ಇನ್ನೂ ಹಿಮ ಕರಗಿರಲಾರದು. ನಿನ್ನ ಮಂಡಿ ನೋವು ಹೇಗಿದೆ?

ನಾನು ಫೆಬ್ರವರಿ ಕೊನೆಗೆ ಕೆಲಸ ಬಿಟ್ಟೆ. ಸೆನೆಟ್ಟಿನಲ್ಲಿ ಮೂವತ್ತೊಂದು ವರ್ಷ ನಮ್ಮ ಪಕ್ಷದ ಮತ ಎಣಿಸಿದವಳಿಗೆ ಒಂದು ಕೇಕು, ಎರಡು ಭಾಷಣ. ಭಾಷಣ ಮಾಡಿದವರಲ್ಲೊಬ್ಬರು ಥೆಲ್ಮಾ ಎನ್ನುವ ಬದಲು ಕೊನೆಯವರೆಗೂ ಸೆಲ್ಮಾ ಎಂದೇ ಕರೆದರು.

ನೀನು ಪತ್ರಿಕೆಯಲ್ಲಿ ನೋಡಿರಬಹುದು. ಗಣಿ ಸುರಕ್ಷತೆಯ ಮುಖ್ಯಸ್ಥನಾಗಿ ಕ್ರಾಫ್ಟ್ ಎಂಬ ವಕೀಲ ಕಳೆದ ಮಂಗಳವಾರ ಪ್ರಮಾಣವಚನ ಸ್ವೀಕರಿಸಿದ. ಇಪ್ಪತ್ತು ವರ್ಷ ಗಣಿ ಮಾಲೀಕರ ಪರ ವಾದಿಸಿದವನು. ಸುರಂಗದಲ್ಲಿ ಒಂದು ದಿನವೂ ತಲೆ ಬಗ್ಗಿಸಿ ನಡೆದವನಲ್ಲ. ನಿನ್ನ ಗಂಡ ಡಾಲ್ಟನ್ ಕೂರಬೇಕಾಗಿದ್ದ ಕುರ್ಚಿ ಅದು. ನಿನಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ. ಮೊದಲಿಂದ ಹೇಳದಿದ್ದರೆ ನನಗೇ ಹೇಳಲು ಬಾಯಿ ಬರುವುದಿಲ್ಲ.

ಶ್ವೇತಭವನ ಡಾಲ್ಟನ್‌ನ ಹೆಸರು ಕಳಿಸಿದಾಗ ಸಮಿತಿಯಲ್ಲಿ ಒಬ್ಬರೂ ಬೇಡವೆನ್ನಲಿಲ್ಲ. ವಿರೋಧ ಪಕ್ಷದ ಸೆನೆಟರ್ ಪ್ರೆಂಟಿಸ್ ಎದ್ದು ಬಂದು ಅವನ ಕೈ ಕುಲುಕಿದರು. ಮರುವಾರ ಅದೇ ಪ್ರೆಂಟಿಸ್ ಅವನ ಹೆಸರಿಗೆ ತಡೆ ಹಾಕಿದರು. ಎಲ್ಲರೂ ಒಪ್ಪಿದರೆ ಅರ್ಧ ನಿಮಿಷದ ಕೆಲಸ. ಒಬ್ಬರು ಒಪ್ಪದಿದ್ದರೆ ಚರ್ಚೆ ಮುಗಿಸಲು ಒಂದು ಮತ, ಆಮೇಲೆ ಎರಡು ಗಂಟೆ ಖಾಲಿ ಕುರ್ಚಿಗಳ ಮುಂದೆ ಚರ್ಚೆ, ಆಮೇಲೆ ಇನ್ನೊಂದು ಮತ. ಸಾಲಿನಲ್ಲಿ ಅವನ ಮುಂದೆ ನೂರ ನಲವತ್ತು ಹೆಸರು. ಊಟದ ಕೋಣೆಯಲ್ಲಿ ಬೀನ್ಸ್ ಸೂಪು ಕುಡಿಯುತ್ತಿದ್ದ ಪ್ರೆಂಟಿಸ್‌ರನ್ನು ನಾನೇ ಹೋಗಿ ಕೇಳಿದೆ.

"ನಿಮ್ಮ ತಂಗಿ ಗಂಡನ ಮೇಲೆ ನಂಗೇನಮ್ಮ ಸಿಟ್ಟು? ಬಂಗಾರದಂಥ ಮನುಷ್ಯ" ಎಂದರು. "ನಿಮ್ಮ ಅಧ್ಯಕ್ಷರು ಕಳಿಸೋ ಯಾರನ್ನೂ ಬಿಡಬಾರದು ಅಂತ ನಮ್ಮಲ್ಲಿ ತೀರ್ಮಾನ ಆಗಿದೆ, ಅಷ್ಟೆ."

ಹದಿನಾರು ತಿಂಗಳು, ಇನೆಜ್. ನಿಮ್ಮ ಮೊಂಟಾನಾ ರಾಜ್ಯದವರು ಅವನು ಬಿಟ್ಟುಬಂದ ಗಣಿ ಕೆಲಸಕ್ಕೆ ಬೇರೆಯವರನ್ನು ತಂದರು. ಅವನು ಇಲ್ಲಿ ಬಾಡಿಗೆ ಕೋಣೆಯಲ್ಲಿ ಕೂತು, ಗಣಿಯ ಗಾಳಿ ಕೊಳವೆಗಳ ಬಗ್ಗೆ ಯಾರೂ ಕೇಳದ ವರದಿ ಬರೆದ. ಜನವರಿಯಲ್ಲಿ ಅಧಿವೇಶನ ಮುಗಿದಾಗ ಪ್ರೆಂಟಿಸ್‌ರ ಹಟದಿಂದ ಅವನ ಕಡತ ಶ್ವೇತಭವನಕ್ಕೆ ವಾಪಸ್ಸು ಹೋಯಿತು; ಮತ್ತೆ ಅದೇ ಪ್ರಶ್ನೆಪತ್ರ, ಅದೇ ಬೆರಳ ಗುರುತು. ಭಾನುವಾರ ನಮ್ಮ ಮನೆಗೆ ಬಂದಾಗ ನೀನು ಮಾಡುವ ಹಾಗೆಯೇ ಮಾಂಸ ತುಂಬಿ ಬೇಯಿಸಿದ ಪ್ಯಾಸ್ಟಿ ಮಾಡಿಕೊಟ್ಟೆ. ಅರ್ಧ ತಿಂದು, "ಇನೆಜ್ ಇದಕ್ಕೆ ಟರ್ನಿಪ್ ಜಾಸ್ತಿ ಹಾಕ್ತಾಳೆ" ಎಂದು ತಟ್ಟೆ ಸರಿಸಿದ. ಸೆಪ್ಟೆಂಬರಿನಲ್ಲಿ ತನ್ನ ಹೆಸರು ಹಿಂತೆಗೆದುಕೊಂಡು ನಿನ್ನಲ್ಲಿಗೆ ಹೊರಟುಬಂದ.

ಅದಾಗಿ ಎರಡು ವಾರಕ್ಕೆ ನಮ್ಮವರು ನಿಯಮ ಮುರಿದರು. ಪತ್ರಿಕೆಗಳು ಅದನ್ನು ಸುಧಾರಣೆ ಎಂದವು. ನಡೆದದ್ದು ಇಷ್ಟು: ನಮ್ಮ ನಾಯಕರು ನಲವತ್ತೆಂಟು ಹೆಸರನ್ನು ಒಟ್ಟಿಗೆ ಮತಕ್ಕೆ ಹಾಕಿ ಎಂದರು. ಸಭಾಪತಿ ನಿಯಮದ ಪುಸ್ತಕ ನೋಡಿ, ಹಾಗೆ ಮಾಡುವಂತಿಲ್ಲ ಎಂದರು. ಸಭಾಪತಿ ಹೇಳಿದ್ದು ತಪ್ಪೆಂದು ನಾಯಕರು ಮತ ಕೇಳಿದರು. ನಮ್ಮವರು ಐವತ್ತೆರಡು, ಅವರು ನಲವತ್ತೇಳು. ಪುಸ್ತಕದ ಒಂದಕ್ಷರವೂ ಬದಲಾಗಲಿಲ್ಲ. ಅದರ ಅರ್ಥ ಮಾತ್ರ ತಿರುಗಿಬಿತ್ತು. ಎರಡು ವರ್ಷ ಆಗದ ಕೆಲಸ ಒಂದು ಕೂಗಿನಲ್ಲಿ ಆಯಿತು. ಡಾಲ್ಟನ್ ಬಿಟ್ಟ ಜಾಗಕ್ಕೆ ಶ್ವೇತಭವನ ಕ್ರಾಫ್ಟ್‌ನನ್ನು ಹುಡುಕಿತು. ಮುಂದಿನ ಪಟ್ಟಿಯಲ್ಲಿ ನೂರು ಹೆಸರು; ಅವುಗಳ ನಡುವೆ ಅವನೂ ತೇಲಿಹೋದ. ಅವನ ಹೆಸರನ್ನು ಯಾರೂ ಓದಲೂ ಇಲ್ಲ.

ನಿಯಮ ಮುರಿದ ದಿನ ಎದುರು ಪಕ್ಷದ ಮತ ಎಣಿಸುವ ರಾಸ್ಕೋ ಆಮುಂಡ್‌ಸನ್ ಮೆಟ್ಟಿಲ ಬಳಿ ಸಿಕ್ಕಿದ. "ನಾಳೆ ನಮಗೆ ಬಹುಮತ ಬಂದಾಗ ಇದೇ ಬಾಗಿಲಲ್ಲಿ ನಾವೂ ಬರ್ತೀವಿ ಕಣೆ" ಎಂದ.

"ಬಾಗಿಲು ಒಡೆಯೋ ಹಾಗೆ ಮಾಡಿದ್ಯಾರು? ಎರಡು ವರ್ಷ ಒಬ್ಬೊಬ್ಬರನ್ನೂ ತಡೆದೋರು ನೀವು" ಎಂದೆ.

"ಅದನ್ನ ನಮಗೆ ಕಲಿಸಿದ್ದೇ ನೀನು, ಥೆಲ್ಮಾ. ಹಿಂದೆ ನೀವು ಅಲ್ಪಮತದಲ್ಲಿದ್ದಾಗ ಪ್ರತಿ ಹೆಸರಿಗೂ ಚರ್ಚೆಗೆ ಪೂರ್ತಿ ಹೊತ್ತು ಕೇಳಿ ಅಂತ ಚೀಟಿ ಹಂಚಿದೋಳು ಯಾರು?"

ಚೀಟಿ ನನ್ನದೇ. ಆ ಚೀಟಿಯಲ್ಲಿದ್ದ ಹೆಸರುಗಳಲ್ಲಿ ಒಂದೂ ನನಗೆ ಈಗ ನೆನಪಿಲ್ಲ. ಅವರಿಗೂ ಮನೆ, ಹೆಂಡತಿ, ಬಿಟ್ಟುಬಂದ ಕೆಲಸ ಇದ್ದಿರಬೇಕು. ಕೆಲಸ ಬಿಟ್ಟ ಮೇಲೆ ಇಂಥದ್ದನ್ನು ಯೋಚಿಸಲು ಹೊತ್ತು ಬೇಕಾದಷ್ಟಿದೆ.

ಡಾಲ್ಟನ್ ಈಗ ಗಣಿ ಶಾಲೆಯಲ್ಲಿ ವಾರಕ್ಕೆ ಎರಡು ದಿನ ಪಾಠ ಮಾಡುತ್ತಾನೆಂದು ಕೇಳಿದೆ. ಅವನ ಕೈಯಲ್ಲಿ ಕಲಿತವರು ಕೆಳಗಿಳಿದಷ್ಟು ಸಲವೂ ಮೇಲೆ ಬರಲಿ. ನಿಮ್ಮಿಬ್ಬರ ಮೇಜಿನಲ್ಲಿ ಮಾತು ಮತ್ತೆ ಹುಟ್ಟಲಿ. ನನ್ನನ್ನು ಕರೆಯಬೇಕೆಂದಿಲ್ಲ.

ನಿನ್ನ ಅಕ್ಕ,
ಥೆಲ್ಮಾ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾಗದ್ದು: ಹೆಸರು ಹಿಂತೆಗೆಯುವ ದಿನ ಬೆಳಿಗ್ಗೆ ಡಾಲ್ಟನ್ ನನಗೆ ಫೋನ್ ಮಾಡಿದ್ದ. ನಿನಗೆ ಹೇಳಿದನೋ ಇಲ್ಲವೋ. "ನೀನು ಒಳಗಿರೋಳು, ಥೆಲ್ಮಾ. ಇನ್ನೊಂದು ತಿಂಗಳು ಕಾದ್ರೆ ಏನಾದ್ರೂ ಆಗತ್ತಾ? ಹೂಂ ಅನ್ನು ಸಾಕು, ಕಾರಣ ಕೇಳಲ್ಲ" ಎಂದ. ಒಟ್ಟಿಗೆ ಮತಕ್ಕೆ ಹಾಕಲಿದ್ದ ಪಟ್ಟಿ ಆಗಲೇ ನನ್ನ ಮುಂದಿತ್ತು. ನಾನೇ ಟೈಪು ಮಾಡಿದ್ದೆ. ಆಗ ಅದರಲ್ಲಿ ನಲವತ್ತೊಂಬತ್ತು ಹೆಸರು, ಅವನದು ಹತ್ತೊಂಬತ್ತನೆಯದು. ಹೊರಗೆ ಬಾಯಿ ಬಿಡಬಾರದೆಂದು ನಾಯಕರು ತಾಕೀತು ಮಾಡಿದ್ದರು. ಅಷ್ಟು ವರ್ಷದಲ್ಲಿ ನನ್ನಿಂದ ಒಂದು ಮಾತೂ ಹೊರಗೆ ಹೋಗಿರಲಿಲ್ಲ. ಅದೇ ನನ್ನ ಹೆಮ್ಮೆ. "ನಂಗೇನೂ ಗೊತ್ತಿಲ್ಲ, ಡಾಲ್ಟನ್" ಎಂದೆ. "ಸರಿ ಬಿಡು, ನಿಂಗೆ ತೊಂದ್ರೆ ಕೊಟ್ಟೆ" ಎಂದು ಫೋನ್ ಇಟ್ಟ. ಮಧ್ಯಾಹ್ನ ನಾನು ಪಟ್ಟಿಯನ್ನು ಮತ್ತೆ ಟೈಪು ಮಾಡಿದೆ. ಇಪ್ಪತ್ತನೆಯವನು ಹತ್ತೊಂಬತ್ತನೆಯವನಾದ.